ಕಣ್ಣು ಒಣಗುವ ತೊಂದರೆ ಇದ್ದರೆ ಗಾಡಿ ಓಡಿಸುವುದು ಕಷ್ಟ ಆಗುತ್ತಾ?

ಆಗುತ್ತದೆ, ಡಾಕ್ಟರ ಹತ್ತಿರ ಅಕ್ಷರದ ಚಾರ್ಟಿನಲ್ಲಿ 6/6, ಅಂದರೆ ನೋಟ ಸರಿಯಾಗಿದೆ ಅಂತ, ಓದಿದವರಿಗೂ. ಕಣ್ಣೀರಿನ ತೆಳು ಪದರ ನುಣುಪಾಗಿದ್ದರೇನೇ ನೋಟ ಸ್ಪಷ್ಟ. ರಸ್ತೆ ಮೇಲೆ ಗಮನ ಇಟ್ಟಾಗ ನಾವು ರೆಪ್ಪೆ ಬಡಿಯುವುದು ಕಡಿಮೆ, ಜೊತೆಗೆ ಎಸಿ ಗಾಳಿ ನೇರ ಮುಖಕ್ಕೆ ಹೊಡೆದರೆ ಆ ಪದರ ಅಲ್ಲಲ್ಲಿ ಒಡೆದು, ರಾತ್ರಿ ಎದುರು ಬರುವ ಲಾರಿಯ ಹೆಡ್‌ಲೈಟು ಚೂರುಚೂರಾಗಿ ಹರಡಿದ ಹಾಗೆ ಕಾಣುತ್ತದೆ. ಎರಡು ಸಲ ರೆಪ್ಪೆ ಬಡಿದರೆ ತಿಳಿಯಾಗುತ್ತದೆ ನಿಜ, ಆದರೆ ಅಷ್ಟರಲ್ಲಿ ಗಾಡಿ ಎಷ್ಟು ದೂರ ಹೋಗಿರುತ್ತದೆ ಅಲ್ವಾ? ಎಸಿ ಗಾಳಿಯನ್ನು ಕಾಲಿನ ಕಡೆ ತಿರುಗಿಸಿ.

ಮನೆಯಲ್ಲೂ ಅಷ್ಟೇ. ಸಂಜೆಗೆ ಕಣ್ಣಲ್ಲಿ ಮರಳು ಬಿದ್ದ ಹಾಗೆ, ಎರಡು ಪುಟ ಓದುವಷ್ಟರಲ್ಲಿ ಅಕ್ಷರ ಮಂಜು. ಕಣ್ಣಲ್ಲಿ ನೀರು ಸುರಿಯುವುದೂ ಇದರ ಲಕ್ಷಣವೇ ಆಗಿರಬಹುದು, ಸುಮ್ನೆ ಬಿಡಬೇಡಿ. ಕಣ್ಣು ತೇವವಾಗಿಡುವ ಡ್ರಾಪ್ಸ್ ದಿನಕ್ಕೆ 4 ಸಲಕ್ಕಿಂತ ಜಾಸ್ತಿ ಬೇಕಾದರೆ ಪ್ರಿಸರ್ವೇಟಿವ್ (ಔಷಧಿ ಕೆಡದಂತೆ ಸೇರಿಸುವ ರಾಸಾಯನಿಕ) ಇಲ್ಲದ್ದನ್ನು ಡಾಕ್ಟರ ಹತ್ತಿರ ಕೇಳಿ.