ಗಲಭೆಯ ಗುಂಪನ್ನು ಅಲುಗಾಡದ ಚಿತ್ರದಲ್ಲಿ ತೋರಿಸುವುದು ಹೇಗೆ?

ಜನ ತಿರುಗಿಬಿದ್ದ ಗದ್ದಲವನ್ನು ಚಿತ್ರದಲ್ಲಿ ಹೇಗೆ ತರುತ್ತಾರೆ ಅಂತ ಕೇಳಿದ್ದೀರಿ. ನನಗೆ ಥಟ್ಟನೆ ನೆನಪಾಗುವುದು ಇಟಲಿಯ ಚಿತ್ರಕಾರ ಕಾರ್ಲೊ ಕಾರ್ರಾ ಬರೆದ 'ಅರಾಜಕತಾವಾದಿ ಗಾಲ್ಲಿಯ ಶವಯಾತ್ರೆ'.

ಮಿಲಾನ್‌ನಲ್ಲಿ ಮುಷ್ಕರದ ಹೊತ್ತಿನಲ್ಲಿ ಆಂಜೆಲೊ ಗಾಲ್ಲಿ ಎಂಬ ಅರಾಜಕತಾವಾದಿಯ, ಅಂದರೆ ಸರ್ಕಾರವೇ ಬೇಡ ಅನ್ನುವ ಪಂಥದವನ, ಕೊಲೆಯಾಯಿತು. ಶವಯಾತ್ರೆಯೇ ಪ್ರತಿಭಟನೆಯಾದೀತು ಅಂತ ಸರ್ಕಾರಕ್ಕೆ ಭಯ. ಜನರನ್ನು ಸ್ಮಶಾನದ ಒಳಗೆ ಬಿಡಲಿಲ್ಲ. ಹೊರಗೇ ಘರ್ಷಣೆ ಶುರುವಾಯಿತು, ಕುದುರೆ ಪೊಲೀಸರು ನುಗ್ಗಿದರು. ಆಗಿನ್ನೂ 30 ದಾಟದ ಕಾರ್ರಾ ಆ ನೂಕುನುಗ್ಗಲಿನ ನಡುವೆ ಸಿಕ್ಕಿಕೊಂಡಿದ್ದ. ಕೆಂಪು ಹೂ ಹೊದ್ದ ಶವಪೆಟ್ಟಿಗೆ ಹೊತ್ತವರ ಹೆಗಲ ಮೇಲೆ ಓಲಾಡುತ್ತಿತ್ತು, ಇನ್ನೇನು ಕೆಳಗೆ ಬಿದ್ದು ಕುದುರೆಗಳ ಕಾಲಿಗೆ ಸಿಕ್ಕಿಬಿಡುತ್ತದೆ ಅನ್ನಿಸಿತು ಅಂತ ಮುಂದೆ ತನ್ನ ಆತ್ಮಕಥೆಯಲ್ಲಿ ನೆನೆಸಿಕೊಂಡಿದ್ದಾನೆ. ಮನೆಗೆ ಹೋದವನೇ ಕಂಡದ್ದನ್ನು ಗೀಚಿಟ್ಟುಕೊಂಡ. ವರ್ಷಗಳ ಮೇಲೆ, 1910-11ರಲ್ಲಿ, ಅದು ದೊಡ್ಡ ತೈಲಚಿತ್ರವಾಯಿತು. ಸುಮಾರು 2 ಮೀಟರ್ ಎತ್ತರ, 2.6 ಮೀಟರ್ ಅಗಲ. ಈಗ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ.

ಮೊದಲ ನೋಟಕ್ಕೆ ಏನೂ ತಿಳಿಯುವುದಿಲ್ಲ. ಕಪ್ಪು, ಕೆಂಪು, ಓರೆಗೆರೆಗಳ ರಾಶಿ. ಸ್ವಲ್ಪ ಹೊತ್ತು ನೋಡಿ, ಆಮೇಲೆ ಕೈಗಳು, ಕೋಲುಗಳು, ಈಟಿಗಳು ಒಂದೊಂದಾಗಿ ಕಾಣುತ್ತವೆ. ಆದರೆ ಯಾರ ಮುಖವೂ ಗುರುತು ಸಿಗುವುದಿಲ್ಲ, ಮತ್ತು ನನಗೆ ಚಿತ್ರದ ಜೀವವೇ ಅದು, ಯಾಕೆಂದರೆ ನುಗ್ಗಾಟದ ಒಳಗೆ ಸಿಕ್ಕವನಿಗೆ ಪಕ್ಕದವನ ಮುಖ ಎಲ್ಲಿ ಕಾಣುತ್ತದೆ, ಬರೀ ಬೆನ್ನು, ಮೊಣಕೈ, ತಳ್ಳುವ ಭಾರ ಅಷ್ಟೇ ಅಲ್ವಾ? ನೋಡುವವನನ್ನು ಚಿತ್ರದ ನಡುವೆಯೇ ನಿಲ್ಲಿಸಬೇಕು ಅನ್ನುವುದು ಕಾರ್ರಾ ಮತ್ತು ಅವನ ಫ್ಯೂಚರಿಸ್ಟ್ ಗೆಳೆಯರ (ವೇಗ, ಚಲನೆಯನ್ನು ಚಿತ್ರಕ್ಕೆ ತರಲು ಹೊರಟ ಇಟಲಿಯ ಕಲಾವಿದರ ಗುಂಪು) ಹಟವಾಗಿತ್ತು.

ಫ್ರಾನ್ಸಿನ ಚಿತ್ರಕಾರ ದೆಲಕ್ರುವಾ 1830ರ ಪ್ಯಾರಿಸ್ ದಂಗೆಯನ್ನು ಬರೆದದ್ದು ಬೇರೆ ರೀತಿ. ಅಲ್ಲಿ ಬಾವುಟ ಎತ್ತಿದ ಹೆಂಗಸು ಮುಂದಿದ್ದಾಳೆ, ಎಲ್ಲಿ ನೋಡಬೇಕು ಅಂತ ನಿಮಗೆ ಗೊತ್ತು. ನನಗೂ ಇಷ್ಟದ ಚಿತ್ರವೇ. ಆದರೆ ಅಲ್ಲಿ ನಾನು ಎದುರಿಗೆ ನಿಂತು ನೋಡುತ್ತೇನೆ, ಗುಂಪಿನೊಳಗೆ ಇರುವುದಿಲ್ಲ.

ಕಾರ್ರಾನ ಚಿತ್ರದಲ್ಲಿ ಮುಂದಾಳು ಇಲ್ಲ. ನಡುವೆ ಇರುವುದು ಆ ಪೆಟ್ಟಿಗೆ, ಬೆಳಕೂ ಅದರಿಂದಲೇ ಹೊಮ್ಮಿದ ಹಾಗಿದೆ. ಸುತ್ತ ಹೊಡೆದಾಟ ನಡೆಯುತ್ತಿದ್ದರೂ ಹೆಗಲು ಕೊಟ್ಟವರು ಅದನ್ನು ಕೆಳಗೆ ಬಿಟ್ಟಿಲ್ಲ. ಸತ್ತವನನ್ನು ನೆಲಕ್ಕೆ ಬೀಳಿಸಬಾರದು ಅನ್ನುವ ಆ ಒದ್ದಾಟ ಕಂಡ ಮೇಲೆ ನನಗೆ ಆ ಗುಂಪು ಬರೀ ಪುಂಡರ ಗುಂಪಾಗಿ ಕಾಣಲೇ ಇಲ್ಲ.