ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ (ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ) ತೆಗೆದುಕೊಳ್ಳುವ ಮಗುವಿಗೆ ಲಸಿಕೆ ಹಾಕಿಸಬಹುದೇ?

ಹಾಕಿಸಬಹುದು, ಅಷ್ಟೇ ಅಲ್ಲ, ಹಾಕಿಸಬೇಕು. ಲಸಿಕೆಯಿಂದ ಕೀಲುನೋವು ಕೆರಳುತ್ತದೆ ಎಂಬ ಭಯಕ್ಕೆ ಗಟ್ಟಿ ಆಧಾರವಿಲ್ಲ. ಫ್ಲೂ, ನ್ಯುಮೊಕಾಕಲ್, ಹೆಪಟೈಟಿಸ್-ಬಿಯಂಥ ನಿರ್ಜೀವ (ಜೀವಂತ ರೋಗಾಣು ಇಲ್ಲದ) ಲಸಿಕೆಗಳನ್ನು ಔಷಧ ನಡೆಯುತ್ತಿರುವಾಗಲೇ ಕೊಡುತ್ತಾರೆ.

ಎಚ್ಚರ ಬೇಕಿರುವುದು ಜೀವಂತ (ದುರ್ಬಲಗೊಳಿಸಿದ ರೋಗಾಣು ಇರುವ) ಲಸಿಕೆಗಳ ವಿಷಯದಲ್ಲಿ: ದಡಾರ-ರುಬೆಲ್ಲಾ, ಚಿಕನ್‌ಪಾಕ್ಸ್, ಬಿಸಿಜಿ, ಪೋಲಿಯೊ ಹನಿ. ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಅಥವಾ ಬಯೋಲಾಜಿಕ್ (ರೋಗನಿರೋಧಕ ವ್ಯವಸ್ಥೆಯ ನಿರ್ದಿಷ್ಟ ಭಾಗವನ್ನು ತಡೆಯುವ) ಚುಚ್ಚುಮದ್ದು ನಡೆಯುತ್ತಿದ್ದರೆ ಇವನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ. ಬರೀ ಮೆಥೊಟ್ರೆಕ್ಸೇಟ್ ಆದರೆ ಅಷ್ಟು ಬಿಗಿ ಇಲ್ಲ. ಅಂಥ ಮಕ್ಕಳಿಗೆ ಎಂಎಂಆರ್ (ದಡಾರ-ಮಂಗನಬಾವು-ರುಬೆಲ್ಲಾ) ಲಸಿಕೆಯ ಬೂಸ್ಟರ್ ಕೊಡಬಹುದೆಂದು 2021ರ ಯುರೋಪಿನ ಶಿಫಾರಸು ಹೇಳುತ್ತದೆ. ತೀರ್ಮಾನ ಮಾತ್ರ ನಿಮ್ಮ ಸಂಧಿವಾತ ತಜ್ಞರದು.

ಪಲ್ಸ್ ಪೋಲಿಯೊ ಭಾನುವಾರ ಹನಿಯೂ ಜೀವಂತ ಲಸಿಕೆ ಎಂಬುದನ್ನೇ ಹಲವರು ಮರೆಯುತ್ತಾರೆ. ಬೂತಿನಲ್ಲಿ ಔಷಧದ ಚೀಟಿ ತೋರಿಸಿ. ಹನಿ ಬೇಡವೆಂದು ವೈದ್ಯರು ಹೇಳಿದ್ದರೆ ಪೋಲಿಯೊಗೆ ಚುಚ್ಚುಮದ್ದೂ ಇದೆ. ಲಸಿಕೆಗೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.