ಕೆರೆ ಮಗುಚಿತು ಅಂತ ಗಾಳ ಎತ್ತಿಡಬೇಡಿ

ಪ್ರಶ್ನೆ: ಅಮೆರಿಕದ ಮಿನೆಸೋಟದಲ್ಲಿದ್ದೇನೆ. ಆಗಸ್ಟ್‌ನಲ್ಲಿ ವಾಲ್‌ಐ ಮೀನು ಚೆನ್ನಾಗಿ ಸಿಗುತ್ತಿದ್ದ ಜಾಗದಲ್ಲಿ ಈಗ ಒಂದೂ ಕಚ್ಚುತ್ತಿಲ್ಲ. ಕೆರೆ ಮಗುಚಿದೆ, ಐಸ್ ಕಟ್ಟುವ ತನಕ ಸುಮ್ನಿರು ಎನ್ನುತ್ತಾರೆ ಗೆಳೆಯರು. ನಿಜವೇ?

ಪ್ರತಿ ಅಕ್ಟೋಬರ್‌ನಲ್ಲೂ ಇದೇ ಪ್ರಶ್ನೆ ಬರುತ್ತದೆ. ಗೆಳೆಯರ ಮಾತು ಕೇಳಿದರೆ ವರ್ಷದ ಒಳ್ಳೆಯ ವಾರಗಳನ್ನೇ ಕಳೆದುಕೊಳ್ಳುತ್ತೀರಿ.

ಬೇಸಿಗೆಯಲ್ಲಿ ಆಳದ ಕೆರೆಗಳ ನೀರು ಎರಡು ಪಾಲಾಗಿರುತ್ತದೆ. ಮೇಲೆ ಬೆಚ್ಚಗಿನ ಹಗುರ ನೀರು, ತಳದಲ್ಲಿ ತಣ್ಣನೆಯ ಭಾರದ ನೀರು. ಎಷ್ಟೋ ಕೆರೆಗಳಲ್ಲಿ ತಳದ ನೀರಿಗೆ ಆಮ್ಲಜನಕವೇ ಸಾಲುವುದಿಲ್ಲ. ಹಾಗಾಗಿ ಮೀನು ಅಲ್ಲಿಗೆ ಇಳಿಯುವುದಿಲ್ಲ. ಚಳಿ ಶುರುವಾಗಿ ಮೇಲಿನ ನೀರು 50–55 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿಗೆ ಬಂದಾಗ ಎರಡರ ತೂಕವೂ ಹತ್ತಿರವಾಗುತ್ತದೆ. ಆಗ ಜೋರು ಗಾಳಿ ಬೀಸಿದರೆ ಇಡೀ ಕೆರೆ ಕಲಸಿಹೋಗುತ್ತದೆ. ಕೆರೆ ಮಗುಚುವುದು ಅಂದರೆ ಇದೇ. ತಳದ ಕಸ ಮೇಲೆ ತೇಲುತ್ತದೆ, ಒಮ್ಮೊಮ್ಮೆ ಕೊಳೆತ ಮೊಟ್ಟೆಯ ವಾಸನೆಯೂ ಬರುತ್ತದೆ. ಆ ಕೆಲವು ದಿನ ಮೀನು ಸಿಗುವುದು ಕಷ್ಟ, ಒಪ್ಪುತ್ತೇನೆ.

ಆಮೇಲೆ? ತಳದ ತನಕ ಆಮ್ಲಜನಕ ಇರುತ್ತದೆ. ಮೀನು ಎಲ್ಲಿ ಬೇಕಾದರೂ ಹೋಗಬಹುದು. ಅದು ತಿನ್ನುವುದು ಬಿಟ್ಟಿಲ್ಲ, ಮನೆ ಬದಲಿಸಿದೆ. ನೀವು ಹಳೇ ಮನೆಯ ಬಾಗಿಲು ತಟ್ಟುತ್ತಿದ್ದೀರಿ ಅಷ್ಟೇ.

ಕಲಸುವ ದಿನಗಳಲ್ಲಿ ಬೇರೆ ಕೆರೆಗೆ ಹೋಗಿ. ಮಿಲ್ ಲ್ಯಾಕ್ಸ್ ಕೆರೆ ಅಷ್ಟು ದೊಡ್ಡದಾದರೂ ಆಳ 42 ಅಡಿ ಆಸುಪಾಸು. ಗಾಳಿ ಅದನ್ನು ಬೇಸಿಗೆಯಲ್ಲೂ ಕಲಸುತ್ತಲೇ ಇರುತ್ತದೆ, ಹಾಗಾಗಿ ಅಲ್ಲಿ ಮಗುಚುವ ಕಾಟ ಅಷ್ಟಾಗಿ ಇಲ್ಲ. ಲೇಕ್ ಆಫ್ ದಿ ವುಡ್ಸ್ ಎಂಬ ಕೆರೆಯ ಕಡೆ ಹೋದರೆ ರೇನಿ ನದಿ ಅದಕ್ಕೆ ಸೇರುವ ಜಾಗ ನೋಡಿ. ಶರತ್ಕಾಲದಲ್ಲಿ ಶೈನರ್ ಎಂಬ ಸಣ್ಣ ಮೀನು ನದಿಗೆ ನುಗ್ಗುತ್ತದೆ, ಹಿಂದೆಯೇ ವಾಲ್‌ಐ ಬರುತ್ತದೆ. ಉಳಿದ ಕಡೆ ತಳ ಕಡಿದಾಗಿ ಇಳಿಯುವ ಕಲ್ಲಿನ ಜಾಗ ಹುಡುಕಿ. ಜಿಗ್‌ಗೆ (ತಲೆಯಲ್ಲಿ ತೂಕವಿರುವ ಗಾಳ) ಮಿನ್ನೋ (ಎರೆಗೆ ಬಳಸುವ ಸಣ್ಣ ಮೀನು) ಕಟ್ಟಿ ನಿಧಾನವಾಗಿ ಆಡಿಸಿ, ನಿಮಗೆ ಬೇಜಾರಾಗುವಷ್ಟು ನಿಧಾನ. ಮಬ್ಬು ಬೆಳಕಲ್ಲೂ ವಾಲ್‌ಐಗೆ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಸಂಜೆ ಬೇಗ ಮನೆಗೆ ಓಡಬೇಡಿ.

ಒಂದು ಮಾತು. 30 ಅಡಿಗಿಂತ ಆಳದಿಂದ ಎಳೆದ ಮೀನಿನ ಗಾಳಿಚೀಲ ಉಬ್ಬಿರುತ್ತದೆ. ವಾಪಸ್ ಬಿಟ್ಟರೂ ಎಷ್ಟೋ ಸಾಯುತ್ತವೆ. ಆ ಆಳದಲ್ಲಿ ಹಿಡಿದು ಬಿಡುವ ಆಟ ಬೇಡ. ಊಟಕ್ಕೆ ಬೇಕಾದಷ್ಟು ಸಿಕ್ಕಿತೇ, ನಿಲ್ಲಿಸಿ.

ಪ್ರಶ್ನೆ: ಮೀನನ್ನು ಸೆಳೆಯುವ ಸ್ಪ್ರೇ ಕೊಳ್ಳಲೇ?

ಬೇಡ. ಅದೇ ದುಡ್ಡಿಗೆ ಮಿನ್ನೋ ಕೊಳ್ಳಿ.

ಪ್ರಶ್ನೆ: ಉಳಿದ ಮಿನ್ನೋ ಕೆರೆಗೆ ಬಿಟ್ಟರೆ ಪುಣ್ಯ ಅಲ್ವಾ?

ಅಲ್ಲ, ಕಾನೂನಿಗೆ ವಿರುದ್ಧ. ಕಸದ ಬುಟ್ಟಿಗೆ ಹಾಕಿ.

ಪ್ರಶ್ನೆ: ಈಜು ಬರುತ್ತದೆ. ಲೈಫ್ ಜಾಕೆಟ್ ಬೇಕೇ?

ಬೇಕು. ಅಷ್ಟು ತಣ್ಣನೆಯ ನೀರಿಗೆ ಬಿದ್ದರೆ ಮೊದಲ ನಿಮಿಷ ಉಸಿರೇ ಹಿಡಿತಕ್ಕೆ ಸಿಗುವುದಿಲ್ಲ. ಸುಮಾರು 10 ನಿಮಿಷದಲ್ಲಿ ಕೈಕಾಲು ಮಾತು ಕೇಳುವುದಿಲ್ಲ. ಜಾಕೆಟ್ ಹಾಕದವರನ್ನು ನಾನು ನನ್ನ ದೋಣಿ ಹತ್ತಿಸುವುದಿಲ್ಲ.